ಮಡಿಲಲ್ಲಿ ಮಗು, ಕೈಯಲ್ಲಿ ಪುಸ್ತಕ
(ಮಕ್ಕಳಿಗೆ ಓದಿ ಹೇಳಲು ಎಂತಹ ಪುಸ್ತಕಗಳನ್ನು ಆರಿಸಬೇಕು?)



ಮಗುವಿಗೆ ಸಕಾಲದಲ್ಲಿ ಚುಚ್ಚುಮದ್ದು ಹಾಕಿಸಬೇಕೆಂಬುದನ್ನು ತಾವು ಬಲ್ಲಿರಿ. ಆರು ತಿಂಗಳು ತುಂಬುವವರೆಗೆ ಎದೆಹಾಲನ್ನು ಮಾತ್ರ ಕೊಡಬೇಕು, ಅನಂತರ ಎದೆಹಾಲಿನ ಜೊತೆಗೆ ಮೆತ್ತನೆಯ ಅನ್ನ, ಗಂಜಿ, ನುಣ್ಣಗೆ ಬೆಂದ ಬೇಳೆಯನ್ನು ಉಣಿಸಬೇಕು ಎಂಬುದೂ ತಮಗೆ ತಿಳಿದ ವಿಷಯವೇ. ಮೈ ಬೆಳೆಯಲು ಅನ್ನ ಬೇಕು. ಬುದ್ಧಿ ಬೆಳೆಯಲು ಮಾತು ಬೇಕು. ಮಗುವಿನ ಮೊದಲ ಕೆಲವು ವರ್ಷಗಳಲ್ಲಿ ಅದರ ಮೆದುಳು ಬೆಳೆಯುವಷ್ಟು ವೇಗವಾಗಿ ಮುಂದೆ ಎಂದಿಗೂ ಬೆಳೆಯುವುದಿಲ್ಲ. ಆ ವರ್ಷಗಳಲ್ಲಿ ಮಗುವಿನ ಕಿವಿಗೆ ಬಿದ್ದ ಮಾತು ಹೊಲಕ್ಕೆ ಹದ ನೋಡಿ ಬಿತ್ತಿದ ಬೀಜದಂತೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ನಮ್ಮ ಹಿರಿಯರು ಕೇಳಿದ್ದು ಸುಮ್ಮನಲ್ಲ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ದಿನಕ್ಕೆ ಹತ್ತು ನಿಮಿಷ ಒಂದು ಪುಸ್ತಕವನ್ನು ಓದಿ ಹೇಳುವುದು ಇಂತಹ ಬಿತ್ತನೆ. ಇದಕ್ಕೆ ಹೆಚ್ಚು ಹಣ ಬೇಡ. ದೊಡ್ಡ ವಿದ್ಯೆಯೂ ಬೇಡ. ಆದರೆ ಪುಸ್ತಕವನ್ನು ಆರಿಸುವಾಗ ಸ್ವಲ್ಪ ವಿವೇಚನೆ ಬೇಕು. ಆ ವಿವೇಚನೆಗೆ ನೆರವಾಗುವುದೇ ಈ ಲೇಖನದ ಉದ್ದೇಶ.

ಆರೋಗ್ಯದ ಪುಸ್ತಿಕೆಯಲ್ಲಿ ಕಥೆಪುಸ್ತಕದ ಮಾತೇಕೆ?

ಈ ಪ್ರಶ್ನೆ ತಮ್ಮಲ್ಲಿ ಮೂಡುವುದು ಸಹಜ. ಕಥೆಪುಸ್ತಕವು ಶಾಲೆಯ ಗುರುಗಳಿಗೆ ಸೇರಿದ ವಿಷಯ, ವೈದ್ಯರಿಗೂ ಅದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ 1989ರಲ್ಲಿ ವೈದ್ಯರು ಒಂದು ಹೊಸ ಪದ್ಧತಿಯನ್ನು ಆರಂಭಿಸಿದರು. ತಪಾಸಣೆಗೆಂದು ಬಂದ ಎಳೆಯ ಮಕ್ಕಳಿಗೆ ಔಷಧಿಯ ಚೀಟಿಯೊಡನೆ ಒಂದು ಚಿತ್ರಪುಸ್ತಕವನ್ನೂ ಕೊಟ್ಟು, ಅದನ್ನು ಮನೆಯಲ್ಲಿ ಓದಿ ಹೇಳುವಂತೆ ತಾಯಿತಂದೆಯರಿಗೆ ತಿಳಿಸತೊಡಗಿದರು. ಈ ಪದ್ಧತಿ ಮುಂದೆ ಆ ದೇಶದ ಉದ್ದಗಲಕ್ಕೆ ಹರಡಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗೆಗೆ ನೀಡಿದ ಸಲಹೆಯಲ್ಲಿಯೂ ಈ ಮಾತಿದೆ. ಮಗು ಒಂದೆಡೆ ಕುಳಿತಿರುವಾಗ ಹಿರಿಯರು ಅದಕ್ಕೆ ಓದಿ ಹೇಳುವುದು, ಕಥೆ ಹೇಳುವುದು ಉತ್ತಮವೆಂದೂ, ಒಂದು ವರ್ಷದೊಳಗಿನ ಮಗುವಿಗೆ ಟಿ.ವಿ., ಮೊಬೈಲುಗಳನ್ನು ತೋರಿಸಲೇಬಾರದೆಂದೂ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ಅದು ತಿಳಿಸಿದೆ.

ಮೊಬೈಲು ಮಗುವಿನೆದುರು ಮಾತನಾಡುತ್ತದೆ ನಿಜ. ಆದರೆ ಮಗು ಕೇಳಿದ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ಮಗು ನಕ್ಕರೆ ತಾನು ನಗುವುದಿಲ್ಲ. ಹೆತ್ತವರ ಮಡಿಲಲ್ಲಿ ಕುಳಿತು ಕೇಳುವ ಮಗುವಿಗೆ ಕಥೆಯೂ ದೊರೆಯುತ್ತದೆ, ಅಕ್ಕರೆಯೂ ದೊರೆಯುತ್ತದೆ.

ನಮ್ಮ ಸೀಮೆಗೆ ಇದು ಏಕೆ ಹೆಚ್ಚು ಅವಶ್ಯಕ?

2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಓದುಬರಹ ಬಲ್ಲವರ ಪ್ರಮಾಣ ಅತ್ಯಂತ ಕಡಿಮೆಯಿದ್ದುದು ಈ ಜಿಲ್ಲೆಯಲ್ಲಿಯೇ: ನೂರಕ್ಕೆ ಸುಮಾರು 52 ಮಂದಿ. ಹೆಣ್ಣುಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 41 ಮಾತ್ರ. ಇದು ನಾಚಿಕೆಪಡಬೇಕಾದ ಮಾತಲ್ಲ, ಎಚ್ಚರಗೊಳ್ಳಬೇಕಾದ ಮಾತು. ಅಂದು ಮಡಿಲಲ್ಲಿದ್ದ ಕೂಸುಗಳು ಇಂದು ಹರೆಯಕ್ಕೆ ಬಂದಿವೆ. ಇಂದು ತಮ್ಮ ಮಡಿಲಲ್ಲಿರುವ ಕೂಸಿನ ಪಾಲಿಗೆ ಈ ಅಂಕಿ ಬದಲಾಗಬೇಕು.

ಇನ್ನೊಂದು ಸಂಗತಿಯೂ ಉಂಟು. ನಮ್ಮ ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ. ಮನೆಯಲ್ಲಿ ‘ಮನಿ’ ಎಂದು ಕೇಳಿದ ಮಗುವಿಗೆ ಪುಸ್ತಕದಲ್ಲಿ ‘ಮನೆ’ ಎದುರಾಗುತ್ತದೆ; ‘ಹೋಗ್ಯಾನ’ ಎಂಬುದು ಅಲ್ಲಿ ‘ಹೋಗಿದ್ದಾನೆ’ ಎಂದಾಗುತ್ತದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿಯನ್ನು ಆಡುತ್ತದೆ. ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು, ಗುರುಮಠಕಲ್ ಕಡೆ ತೆಲುಗು ಕೇಳಿಬರುತ್ತದೆ. ಇವೆಲ್ಲವೂ ನಮ್ಮ ಸಂಪತ್ತೇ. ಆದರೆ ಆರನೆಯ ವರ್ಷದಲ್ಲಿ ಶಾಲೆಯ ಮೆಟ್ಟಿಲು ಹತ್ತುವ ದಿನವೇ ಮಗು ಪುಸ್ತಕದ ಕನ್ನಡವನ್ನು ಮೊದಲ ಬಾರಿಗೆ ಕೇಳಿದರೆ, ಅದಕ್ಕೆ ಅಕ್ಷರವೂ ಹೊಸದು, ಮಾತೂ ಹೊಸದು. ಎರಡು ಹೊರೆಗಳನ್ನು ಒಮ್ಮೆಗೇ ಹೊರಲಾರದೆ ಮಗು ಮಂಕಾಗುತ್ತದೆ. ‘ಇವನಿಗೆ ವಿದ್ಯೆ ಹತ್ತುವುದಿಲ್ಲ’ ಎಂದು ಹಿರಿಯರು ಕೈಬಿಡುತ್ತಾರೆ. ನಾಲ್ಕಾರು ವರ್ಷಗಳಲ್ಲಿ ಗಂಡುಮಗು ದನದ ಹಿಂದೆಯೋ ಗುಳೆ ಹೋಗುವ ಗುಂಪಿನೊಡನೆಯೋ ಸೇರುತ್ತದೆ. ಹೆಣ್ಣುಮಗು ಹತ್ತಿ ಬಿಡಿಸಲು ಹೊಲಕ್ಕೆ ನಡೆಯುತ್ತದೆ, ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತು ಬರುತ್ತದೆ. ಶಾಲೆ ಬಿಟ್ಟ ಮಗುವಿನ ಈ ದಾರಿಯನ್ನು ತಾವು ತಮ್ಮ ಓಣಿಯಲ್ಲಿಯೇ ಕಂಡಿರಬಹುದು.

ಮನೆಯಲ್ಲಿ ಪುಸ್ತಕವನ್ನು ಕೇಳಿ ಬೆಳೆದ ಮಗುವಿಗಾದರೋ ಶಾಲೆಯ ಕನ್ನಡ ಪರಿಚಿತ ನೆಂಟನಂತೆ ಎದುರಾಗುತ್ತದೆ. ಆದುದರಿಂದಲೇ ಶಾಲೆಗೆ ಹೋಗುವವರೆಗೆ ಕಾಯದೆ ಕೂಸಾಗಿರುವಾಗಲೇ ಓದಿ ಹೇಳಲು ತೊಡಗಬೇಕು.

ಮೊದಲ ಒರೆಗಲ್ಲು: ಮಗುವಿನ ಸಂತೋಷ

ಪುಸ್ತಕ ಕೊಳ್ಳುವಾಗ ನಾವು ಸಾಮಾನ್ಯವಾಗಿ ಯೋಚಿಸುವುದೇನು? ‘ಇದರಿಂದ ಮಗುವಿಗೆ ಏನು ಲಾಭ? ನೀತಿ ಇದೆಯೇ? ಇಂಗ್ಲಿಷ್ ಅಕ್ಷರಗಳಿವೆಯೇ? ಮಗ್ಗಿ ಇದೆಯೇ?’ ಹೀಗೆ. ಈ ಯೋಚನೆ ತಪ್ಪಲ್ಲ; ಆದರೆ ಅದನ್ನು ಎರಡನೆಯ ಸ್ಥಾನಕ್ಕೆ ಇಡಬೇಕು. ಮೊದಲು ನೋಡಬೇಕಾದುದು ಒಂದೇ: ಈ ಪುಸ್ತಕವನ್ನು ಕೇಳಿದ ಮಗು ‘ಯಪ್ಪಾ, ಇನ್ನೊಮ್ಮಿ ಓದು’ ಎನ್ನುತ್ತದೆಯೇ?

ಹಾಗೆ ಕೇಳಿದರೆ ಆ ಪುಸ್ತಕ ಒಳ್ಳೆಯದು. ಮಗು ಒಂದೇ ಕಥೆಯನ್ನು ಇಪ್ಪತ್ತು ಬಾರಿ ಕೇಳಬಯಸುವುದು ಹಟವಲ್ಲ, ದಡ್ಡತನವೂ ಅಲ್ಲ. ಪ್ರತಿ ಬಾರಿಯೂ ಅದು ಒಂದೆರಡು ಹೊಸ ಪದಗಳನ್ನು ಹಿಡಿದುಕೊಳ್ಳುತ್ತದೆ. ಮುಂದೆ ಏನು ಬರುತ್ತದೆಂದು ತಾನೇ ಊಹಿಸಿ, ಅದು ಸರಿಯಾದಾಗ ಹಿಗ್ಗುತ್ತದೆ. ಕಲಿಕೆ ನಡೆಯುವುದೇ ಹೀಗೆ. ಸಂತೋಷವಿಲ್ಲದ ಪುಸ್ತಕವನ್ನು ಮಗು ಎರಡನೆಯ ಬಾರಿ ಕೇಳುವುದಿಲ್ಲ. ಎರಡನೆಯ ಬಾರಿ ಕೇಳದ ಪುಸ್ತಕದಿಂದ ಏನನ್ನೂ ಕಲಿಯುವುದಿಲ್ಲ. ಕಹಿಯೆಂದು ಉಗುಳಿದ ಔಷಧಿಯಿಂದ ಗುಣವಾಗದಂತೆ ಇದೂ ಕೂಡ.

ವಯಸ್ಸಿಗೆ ತಕ್ಕ ಪುಸ್ತಕ

ಒಂದು ವರ್ಷದೊಳಗಿನ ಕೂಸಿಗೆ: ಈ ವಯಸ್ಸಿನ ಕೂಸಿಗೆ ಕಥೆ ಬೇಡ. ತಾಯಿತಂದೆಯರ ದನಿ ಮತ್ತು ಲಯ ಬೇಕು. ಹುಟ್ಟುವ ಕೆಲವು ತಿಂಗಳುಗಳ ಮೊದಲೇ ಕೂಸು ಗರ್ಭದಲ್ಲಿ ತಾಯಿಯ ದನಿಯನ್ನು ಕೇಳಬಲ್ಲದು. ಪುಟಕ್ಕೆ ಒಂದೇ ದೊಡ್ಡ ಚಿತ್ರವಿರುವ ಪುಸ್ತಕವನ್ನು ತೋರಿಸಿ, ‘ಇಗೋ ಆಕಳು, ಇಗೋ ಕೋಳಿ’ ಎಂದು ಹೇಳಿರಿ. ಶಿಶುಗೀತೆಗಳನ್ನು ಹಾಡಿರಿ. ಕೂಸು ಪುಸ್ತಕವನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಅದು ಸ್ವಚ್ಛವಾಗಿರಬೇಕು, ದಪ್ಪ ರಟ್ಟಿನದಾದರೆ ಉತ್ತಮ. ಪಿನ್ನುಗಳು ಸಡಿಲವಾಗಿರುವ ಪುಸ್ತಕವನ್ನು ಕೂಸಿನ ಕೈಗೆ ಕೊಡಬಾರದು.

ಒಂದರಿಂದ ಮೂರು ವರ್ಷ: ಪುಟಕ್ಕೆ ಒಂದೆರಡು ಸಾಲುಗಳು ಸಾಕು. ಒಂದೇ ಮಾತು ಮತ್ತೆ ಮತ್ತೆ ಬರುವಂತಿರಲಿ. ಮಗು ತಾನು ಕಂಡ ವಸ್ತುಗಳನ್ನೇ ಚಿತ್ರದಲ್ಲಿ ಕಂಡು ನಲಿಯುತ್ತದೆ: ಆಡು, ಎಮ್ಮೆ, ಬಂಡಿ, ರೊಟ್ಟಿ, ಕೊಡ, ಬಸ್ಸು. ಪ್ರಾಣಿಗಳ ದನಿಗಳಿದ್ದರೆ ಇನ್ನೂ ಒಳ್ಳೆಯದು; ತಾವೂ ನಾಚದೆ ಆ ದನಿಗಳನ್ನು ಮಾಡಿ ತೋರಿಸಿರಿ.

ಮೂರರಿಂದ ಆರು ವರ್ಷ: ಈಗ ಮಗು ಅಂಗನವಾಡಿಗೆ ಹೋಗುವ ವಯಸ್ಸು. ಆದಿ, ನಡು, ಕೊನೆ ಇರುವ ಚಿಕ್ಕ ಕಥೆ ಬೇಕು. ‘ಮುಂದೇನಾಯಿತು?’ ಎಂಬ ಕುತೂಹಲ ಇರಬೇಕು. ಚಿಕ್ಕದು ದೊಡ್ಡದನ್ನು ಜಾಣತನದಿಂದ ಗೆಲ್ಲುವ ಕಥೆಗಳು ಈ ವಯಸ್ಸಿಗೆ ಬಹಳ ಪ್ರಿಯ. ಪಂಚತಂತ್ರದ ಮೊಲ, ಕೋತಿ, ಆಮೆಗಳನ್ನು ಮಕ್ಕಳು ಎಂದೂ ಮರೆಯುವುದಿಲ್ಲ. ಪಂಚತಂತ್ರವು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿಯೇ, ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದನು.

ಆರರಿಂದ ಹತ್ತು ವರ್ಷ: ಮಗು ಓದಲು ಕಲಿತ ಕೂಡಲೇ ಓದಿ ಹೇಳುವುದನ್ನು ನಿಲ್ಲಿಸುವವರು ಬಹಳ ಮಂದಿ. ಹಾಗೆ ಮಾಡಬಾರದು. ತಾನಾಗಿ ಓದಲು ಕಷ್ಟವಾಗುವ, ಆದರೆ ಕೇಳಿದರೆ ತಿಳಿಯುವ ಕಥೆಗಳು ಇನ್ನೂ ಹಲವು ವರ್ಷ ಇರುತ್ತವೆ. ದಿನಕ್ಕೊಂದು ಅಧ್ಯಾಯದಂತೆ ದೊಡ್ಡ ಕಥೆಯನ್ನು ಓದಬಹುದು. ಪ್ರಾಣಿಪಕ್ಷಿ, ನಕ್ಷತ್ರ, ಯಂತ್ರಗಳ ಪುಸ್ತಕಗಳನ್ನೂ ಊರಿನ ಇತಿಹಾಸವನ್ನೂ ಈಗ ಸೇರಿಸಬಹುದು. ಸುರಪುರದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು ನಿಂತ ಕಥೆಯನ್ನು ಸುರಪುರದ ಮಗು ಕೇಳದಿದ್ದರೆ ಇನ್ನಾರು ಕೇಳಬೇಕು?

ಕೊಳ್ಳುವ ಮೊದಲು ಪರೀಕ್ಷಿಸುವ ಬಗೆ

ಸಂತೆಯಲ್ಲಿ ಎತ್ತು ಕೊಳ್ಳುವ ಮೊದಲು ತಾವು ಹಲ್ಲು ನೋಡುತ್ತೀರಿ, ನಡೆಸಿ ನೋಡುತ್ತೀರಿ. ಪುಸ್ತಕವನ್ನೂ ಹಾಗೆಯೇ ನಡೆಸಿ ನೋಡಿರಿ. ಒಂದು ಪುಟವನ್ನು ತೆರೆದು ಗಟ್ಟಿಯಾಗಿ ಓದಿರಿ. ಕಣ್ಣಿಗೆ ಸರಿಯೆನಿಸಿದ ಎಷ್ಟೋ ಪುಸ್ತಕಗಳು ನಾಲಗೆಯ ಮೇಲೆ ತೊಡರುತ್ತವೆ. ಕೆಳಗಿನ ಎರಡು ಮಾದರಿಗಳನ್ನು ಓದಿ ನೋಡಿ.

ಮೊದಲನೆಯದು: ‘ಮಕ್ಕಳೇ, ಕುಕ್ಕುಟವು ಮಾನವನಿಗೆ ಅತ್ಯುಪಯುಕ್ತವಾದ ಪಕ್ಷಿಯಾಗಿದ್ದು, ಅದರ ಪಾಲನೆಯು ಆರ್ಥಿಕ ಅಭಿವೃದ್ಧಿಗೆ ಸಹಾಯಕವಾಗಿದೆ.’

ಎರಡನೆಯದು: ‘ಕೋಳಿ ಹೊರಟಿತು. ಎಲ್ಲಿಗೆ? ಸಂತೆಗೆ. ಕೋಳಿಯ ಹಿಂದೆ ಮರಿ ಹೊರಟಿತು. ಎಲ್ಲಿಗೆ? ಸಂತೆಗೆ. ಮರಿಯ ಹಿಂದೆ ಬೆಕ್ಕು ಹೊರಟಿತು. ಎಲ್ಲಿಗೆ?’

ಮೊದಲನೆಯದನ್ನು ಕೇಳಿದ ಮಗು ಎದ್ದು ಹೋಗುತ್ತದೆ. ಎರಡನೆಯದನ್ನು ಕೇಳಿದ ಮಗು ತಾವು ಬಾಯಿ ತೆರೆಯುವ ಮೊದಲೇ ‘ಸಂತೆಗೆ!’ ಎಂದು ಕೂಗುತ್ತದೆ; ಬೆಕ್ಕಿನ ಉದ್ದೇಶವೇನೆಂದು ತಿಳಿಯುವವರೆಗೆ ಕದಲುವುದಿಲ್ಲ. ಎರಡರಲ್ಲಿಯೂ ಇರುವುದು ಕೋಳಿಯೇ. ವ್ಯತ್ಯಾಸವಿರುವುದು ಹೇಳುವ ರೀತಿಯಲ್ಲಿ.

ಇದಲ್ಲದೆ ಈ ಕೆಳಗಿನ ಅಂಶಗಳನ್ನೂ ಗಮನಿಸಿರಿ.

1. ಅಕ್ಷರಗಳು ದಪ್ಪವಾಗಿ, ಸಾಲುಗಳು ಬಿಡಿಬಿಡಿಯಾಗಿ ಇರಬೇಕು. ರಾತ್ರಿಯ ಮಂದ ಬೆಳಕಿನಲ್ಲಿಯೂ ಓದುವಂತಿರಬೇಕು.

2. ಚಿತ್ರ ಮತ್ತು ಮಾತು ಒಂದೇ ಪುಟದಲ್ಲಿ ಹೊಂದಿಕೊಂಡಿರಬೇಕು. ಮಾತಿಲ್ಲದೆ ಚಿತ್ರಗಳಿಂದಲೇ ಕಥೆ ತಿಳಿಯುವಂತಿದ್ದರೆ ಅದು ಶ್ರೇಷ್ಠ.

3. ಹತ್ತು ನಿಮಿಷಗಳಲ್ಲಿ ಮುಗಿಯುವಂತಿರಬೇಕು. ಅರ್ಧಕ್ಕೆ ನಿಂತ ಕಥೆ ಚಿಕ್ಕ ಮಗುವಿಗೆ ಅರೆಹೊಟ್ಟೆಯ ಊಟವಿದ್ದಂತೆ.

4. ಓದುವ ತಮಗೂ ಹಿಡಿಸಬೇಕು. ಹೆತ್ತವರು ಆಕಳಿಸುತ್ತಾ ಓದಿದ ಪುಸ್ತಕವನ್ನು ಮಗು ಆಕಳಿಸುತ್ತಲೇ ಕೇಳುತ್ತದೆ.

5. ಸಾಧ್ಯವಾದರೆ ಮಗುವಿಗೇ ಆರಿಸಲು ಬಿಡಿರಿ. ಮೂರು ಪುಸ್ತಕಗಳನ್ನು ತಾವು ಮುಂದಿಡಿ, ಒಂದನ್ನು ಮಗು ಎತ್ತಿಕೊಳ್ಳಲಿ.

ಎಂತಹ ಪುಸ್ತಕಗಳು ಬೇಡ?

ಪ್ರತಿಯೊಂದು ಕಥೆಯ ಕೊನೆಯಲ್ಲಿಯೂ ಬೆತ್ತ ಹಿಡಿದ ಗುರುವಿನಂತೆ ನೀತಿಯು ಬಂದು ನಿಲ್ಲುವ ಪುಸ್ತಕಗಳು ಬೇಡ. ನೀತಿಯು ಕಥೆಯೊಳಗೆ ಹಾಲಿನಲ್ಲಿ ಸಕ್ಕರೆಯಂತೆ ಕರಗಿರಬೇಕು. ಮಲಗುವ ಹೊತ್ತಿನಲ್ಲಿ ದೆವ್ವಭೂತಗಳಿಂದ ಹೆದರಿಸುವ ಪುಸ್ತಕಗಳು ಚಿಕ್ಕ ಮಕ್ಕಳಿಗೆ ಬೇಡ, ನಿದ್ರೆ ಕೆಡುತ್ತದೆ. ಕಪ್ಪು ಬಣ್ಣದವರನ್ನು, ಕುಂಟರು ಕುರುಡರನ್ನು, ಬಡವರನ್ನು, ಬೇರೆ ಜಾತಿಮತದವರನ್ನು ಹಾಸ್ಯ ಮಾಡುವ ಪುಸ್ತಕಗಳು ಎಂದಿಗೂ ಬೇಡ. ಮಗು ಆ ನಗೆಯನ್ನು ಕಲಿತು ಓಣಿಗೆ ಕೊಂಡೊಯ್ಯುತ್ತದೆ.

ಹೆಣ್ಣುಮಗು ಯಾವಾಗಲೂ ಅಳುತ್ತಾ ಕುಳಿತು, ಗಂಡುಮಗುವೇ ಎಲ್ಲ ಸಾಹಸಗಳನ್ನು ಮಾಡುವ ಪುಸ್ತಕಗಳನ್ನು ಮಾತ್ರ ಓದಿದರೆ ಇಬ್ಬರಿಗೂ ಕೇಡು. ಯುನಿಸೆಫ್ ಸಂಸ್ಥೆಯು ರೂಪಿಸಿದ ‘ಮೀನಾ’ ಎಂಬ ಹಳ್ಳಿಯ ಬಾಲಕಿಯ ಚಿತ್ರಕಥೆಗಳು 1990ರ ದಶಕದಿಂದ ಹೆಸರಾಗಿವೆ. ಮೀನಾಳ ಜೊತೆಗೆ ಅವಳ ತಮ್ಮ ರಾಜು ಮತ್ತು ಮಿಟ್ಠು ಎಂಬ ಗಿಣಿ ಇರುತ್ತಾರೆ. ಊಟದಲ್ಲಿ ತಮ್ಮನಿಗೆ ಹೆಚ್ಚು, ಅಕ್ಕನಿಗೆ ಕಡಿಮೆ ಏಕೆ ಎಂಬ ಪ್ರಶ್ನೆ ಅವುಗಳಲ್ಲಿ ಒಂದು ಕಥೆಯ ವಸ್ತು. ಇದು ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ. ಆದರೂ ಮಕ್ಕಳು ಆ ಕಥೆಯನ್ನು ನಗುತ್ತಲೇ ಕೇಳುತ್ತಾರೆ. ತಮ್ಮ ಮನೆಯಲ್ಲಿ ಮಗ ಮಗಳು ಇಬ್ಬರೂ ಇದ್ದರೆ ಇಬ್ಬರನ್ನೂ ಜೊತೆಯಲ್ಲಿ ಕೂರಿಸಿಯೇ ಓದಿರಿ. ಮಗಳು ಪಾತ್ರೆ ತೊಳೆಯುತ್ತಿರುವಾಗ ಮಗನಿಗೆ ಮಾತ್ರ ಓದಿ ಹೇಳುವುದು ನ್ಯಾಯವಲ್ಲ.

ಕನ್ನಡದಲ್ಲಿ ಏನೇನಿದೆ?

ಕನ್ನಡದ ಹಿರಿಯ ಸಾಹಿತಿಗಳು ಮಕ್ಕಳಿಗಾಗಿ ಬರೆಯುವುದನ್ನು ಕಿರಿದೆಂದು ಭಾವಿಸಲಿಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ, ಹೊಯಿಸಳ ಮೊದಲಾದವರ ಶಿಶುಗೀತೆಗಳು ಬಾಯಿಂದ ಬಾಯಿಗೆ ಹರಿದು ಬಂದಿವೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯು ಇಂಗ್ಲಿಷ್ ಕವಿ ಬ್ರೌನಿಂಗನ ಕವಿತೆಯೊಂದರ ಕಥೆಯನ್ನು ಕನ್ನಡದ ಹಳ್ಳಿಗೆ ತಂದು ಕಟ್ಟಿದ ಪದ್ಯ. ಇಲಿಗಳ ಹಿಂಡು ಬರುವ ಭಾಗವನ್ನು ಗಟ್ಟಿಯಾಗಿ ಓದಿದರೆ ಮಕ್ಕಳು ಕುಳಿತಲ್ಲಿ ಕುಳಿತಿರಲಾರರು. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳನ್ನು ಹೊರತಂದು, ಜಗತ್ತಿನ ವಿಷಯಗಳನ್ನೆಲ್ಲ ಮಕ್ಕಳ ಮುಂದಿಟ್ಟರು.

ಮಕ್ಕಳ ಸಾಹಿತ್ಯವೆಂದರೆ ಮೈಸೂರು ಬೆಂಗಳೂರುಗಳ ಕಡೆಯದು ಎಂದು ತಿಳಿಯಬೇಡಿ. ‘ಕಾವ್ಯಾನಂದ’ರೆಂದು ಹೆಸರಾದ ಸಿದ್ಧಯ್ಯ ಪುರಾಣಿಕರು ನಮ್ಮ ಕಲ್ಯಾಣ ಕರ್ನಾಟಕದವರು, ದೊಡ್ಡವರಿಗೆ ಬರೆದಂತೆ ಮಕ್ಕಳಿಗೂ ಬರೆದರು. ನೆರೆಯ ವಿಜಯಪುರ ಜಿಲ್ಲೆಯಲ್ಲಿ ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದವರು ಮಕ್ಕಳಿಗಾಗಿಯೇ ಬರೆದರು. ಇನ್ನೂ ಹತ್ತಿರ ಬಂದರೆ, ಚಂದ್ರಕಾಂತ ಕರದಳ್ಳಿಯವರು ನಮ್ಮ ಶಹಾಪುರದವರು. ಮಕ್ಕಳ ಸಾಹಿತ್ಯಕ್ಕೆ ಅವರು ಸಲ್ಲಿಸಿದ ಒಟ್ಟು ಸೇವೆಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯು 2019ರ ಬಾಲ ಸಾಹಿತ್ಯ ಪುರಸ್ಕಾರವನ್ನು ಅವರಿಗೆ ನೀಡಿತು. ನಮ್ಮ ಹೊಲ, ನಮ್ಮ ಬಿಸಿಲು, ನಮ್ಮ ನುಡಿಯನ್ನು ಬಲ್ಲವರು ಬರೆದ ಪುಸ್ತಕ ಮಗುವಿಗೆ ಬೇಗ ಒಲಿಯುತ್ತದೆ. ಗ್ರಂಥಾಲಯಕ್ಕೆ ಹೋದಾಗ ಇಂತಹವರ ಪುಸ್ತಕಗಳನ್ನು ಹೆಸರು ಹೇಳಿ ಕೇಳಿರಿ.

ಸುರಪುರ ಸೀಮೆಯ ಮುದನೂರು ವಚನಕಾರ ದೇವರ ದಾಸಿಮಯ್ಯನ ಊರು. ಅವನ ವಚನಗಳು ಬಹಳ ಚಿಕ್ಕವು. ಎಂಟು ಹತ್ತು ವರ್ಷದ ಮಗು ಒಂದೆರಡು ಬಾರಿ ಕೇಳಿದರೆ ಬಾಯಿಗೆ ಬರುವಂತಹವು. ಅವುಗಳನ್ನೂ ಓದಿ ಹೇಳಬಹುದು.

ಪುಸ್ತಕಗಳು ಎಲ್ಲಿ ದೊರೆಯುತ್ತವೆ?

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗ ‘ಅರಿವು ಕೇಂದ್ರ’ ಎಂದು ಕರೆಯುವಲ್ಲಿಗೆ, ಹೋಗಿರಿ. 2020ರ ನವೆಂಬರ್ 14ರಂದು ಸರ್ಕಾರವು ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವನ್ನು ಒದಗಿಸಲಾಯಿತು. ಹಿರಿಯ ಮಗುವಿನ ಹೆಸರಿನಲ್ಲಿ ತಂದ ಪುಸ್ತಕವನ್ನು ಕಿರಿಯ ಮಗುವಿಗೂ ಓದಿ ಹೇಳಬಹುದು. ಅಂಗನವಾಡಿ ಕಾರ್ಯಕರ್ತೆಯರನ್ನೂ ಶಾಲೆಯ ಗುರುಗಳನ್ನೂ ಕೇಳಿರಿ. ರಾಷ್ಟ್ರೀಯ ಪುಸ್ತಕ ನ್ಯಾಸದ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆ, ಪ್ರಥಮ್ ಬುಕ್ಸ್, ನವಕರ್ನಾಟಕ ಮೊದಲಾದವರ ಮಕ್ಕಳ ಪುಸ್ತಕಗಳು ಬೆಲೆಯಲ್ಲಿ ಹಗುರ. ಮೈಲಾಪುರದ ಮಲ್ಲಯ್ಯನ ಜಾತ್ರೆಗೋ ತಿಂಥಣಿಯ ಮೌನೇಶ್ವರನ ಜಾತ್ರೆಗೋ ಹೊರಟಾಗ ಮಗುವಿಗೆ ತುತ್ತೂರಿ, ಬಲೂನುಗಳಿಗೆ ಖರ್ಚು ಮಾಡುತ್ತೇವೆ. ವರ್ಷಕ್ಕೊಮ್ಮೆ ಅದೇ ಖರ್ಚಿನಲ್ಲಿ ಒಂದು ಪುಸ್ತಕವನ್ನೂ ಸೇರಿಸಿದರೆ ಹೊರೆಯಾಗದು.

ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ಎಂಬ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. ಸುಲಭದಿಂದ ಕಠಿಣಕ್ಕೆ ಹಂತಗಳನ್ನೂ ಗುರುತಿಸಿದ್ದಾರೆ. ಪುಸ್ತಕ ಸಿಗದಿರುವಾಗ ಮೊಬೈಲಿನಲ್ಲಿ ಅದನ್ನು ತೆರೆದು ತಾವೇ ಓದಿ ಹೇಳಬಹುದು. ಆದರೆ ಮೊಬೈಲು ತಮ್ಮ ಕೈಯಲ್ಲಿರಲಿ. ಕಥೆ ಮುಗಿದೊಡನೆ ಒಳಗಿಡಿ.

ಮನೆಯಲ್ಲಿಯೇ ಪುಸ್ತಕ ಮಾಡುವುದೂ ಸುಲಭ. ಹಳೆಯ ನೋಟುಬುಕ್ಕಿನ ಹಾಳೆಗಳಿಗೆ ಪತ್ರಿಕೆ, ಪಂಚಾಂಗ, ಬೆಂಕಿಪೆಟ್ಟಿಗೆಗಳ ಚಿತ್ರಗಳನ್ನು ಅಂಟಿಸಿ, ದಾರದಿಂದ ಹೊಲಿದರೆ ಒಂದು ಚಿತ್ರಪುಸ್ತಕ ಸಿದ್ಧ. ಆದರೆ ಒಂದು ಎಚ್ಚರಿಕೆ: ಹತ್ತಿಬೀಜದ ಪೊಟ್ಟಣಗಳ ಮೇಲೆ, ಕ್ರಿಮಿನಾಶಕದ ಡಬ್ಬಿಗಳ ಮೇಲೆ ಅಂದವಾದ ಚಿತ್ರಗಳಿರುತ್ತವೆ. ಬೀಜಕ್ಕೂ ಔಷಧಿ ಸವರಿರುವುದರಿಂದ ಅವುಗಳನ್ನು ಕತ್ತರಿಸಿ ಮಗುವಿನ ಕೈಗೆ ಎಂದಿಗೂ ಕೊಡಬಾರದು. ವಿಷ ಬಾಯಿಗೆ ಹೋಗುವ ಅಪಾಯವಿದೆ.

ನಮಗೇ ಓದು ಬಾರದಲ್ಲ?

ಈ ಮಾತನ್ನು ತಾಯಂದಿರು ಸಂಕೋಚದಿಂದ ಹೇಳುತ್ತಾರೆ. ತಾಯೀ, ಸಂಕೋಚ ಬೇಡ. ಶಹಾಪುರದ ಬೆಟ್ಟಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಅಲ್ಲಿ ಯಾವ ಅಕ್ಷರವೂ ಬರೆದಿಲ್ಲ. ಆದರೂ ‘ಅದು ಮೂಗು, ಅದು ಎದೆ’ ಎಂದು ಮಕ್ಕಳೂ ಗುರುತಿಸುತ್ತಾರೆ. ಚಿತ್ರವನ್ನು ಓದುವುದೂ ಓದೇ. ಚಿತ್ರಪುಸ್ತಕವನ್ನು ತೆರೆದು, ಕಂಡದ್ದನ್ನು ತಮ್ಮ ಮನೆಯ ಮಾತಿನಲ್ಲಿಯೇ ಕಥೆ ಕಟ್ಟಿ ಹೇಳಿರಿ. ಲಂಬಾಣಿಯಾಗಲಿ, ಉರ್ದುವಾಗಲಿ, ತೆಲುಗಾಗಲಿ ಅಡ್ಡಿಯಿಲ್ಲ. ಪುಸ್ತಕವನ್ನು ಹಿಡಿಯುವ ಬಗೆ, ಪುಟ ತಿರುಗಿಸುವ ಬಗೆ, ಎಡದಿಂದ ಬಲಕ್ಕೆ ನೋಡುವ ಬಗೆ ಇವೆಲ್ಲ ಆಗಲೇ ಮಗುವಿಗೆ ಬರುತ್ತವೆ.

ಮನೆಯಲ್ಲಿ ಶಾಲೆಗೆ ಹೋಗುವ ಮಗನೋ ಮಗಳೋ ಇದ್ದರೆ ಅವರು ಓದಲಿ, ತಾವು ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಕುಳಿತು ಕೇಳಿರಿ. ಹಿರಿಯ ಮಗುವಿನ ಓದೂ ಚೆನ್ನಾಗುತ್ತದೆ. ತಮಗೂ ಅಕ್ಷರದ ಪರಿಚಯವಾಗುತ್ತದೆ. ಮುತ್ಯಾ, ಆಯಿಯವರ ಬಾಯಲ್ಲಿರುವ ಕಥೆ, ಒಗಟು, ಹಾಡುಗಳನ್ನೂ ಮರೆಯಬೇಡಿ. ಅವರು ಹೇಳಿದ ಕಥೆಯನ್ನು ಹಿರಿಯ ಮಗು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಅದೇ ಮುಂದೆ ಮನೆಯ ಪುಸ್ತಕವಾಗುತ್ತದೆ.

ತಂದೆಯರಿಗೆ ಒಂದು ಮಾತು. ಓದಿ ಹೇಳುವುದು ಹೆಂಗಸರ ಕೆಲಸವೆಂದು ತಿಳಿಯಬೇಡಿ. ಹಗಲೆಲ್ಲ ಹೊಲದಲ್ಲಿಯೂ ಒಲೆಯ ಮುಂದೆಯೂ ದುಡಿದ ಗೃಹಿಣಿ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮಗುವನ್ನು ತಾವು ತೊಡೆಯ ಮೇಲೆ ಕೂರಿಸಿಕೊಂಡರೆ ಅವಳಿಗೆ ಬಿಡುವು, ಮಗುವಿಗೆ ಕಥೆ, ತಮಗೆ ವಿಶ್ರಾಂತಿ. ದುಡಿಮೆಗಾಗಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಬೇಕಾದಾಗ ಗಂಟಿನಲ್ಲಿ ಎರಡು ತೆಳುವಾದ ಪುಸ್ತಕಗಳನ್ನು ಕಟ್ಟಿಕೊಳ್ಳಿರಿ. ಹೊಸ ಊರಿನ ಗುಡಿಸಲಿನಲ್ಲಿ ಮಗುವಿಗೆ ಪರಿಚಿತವಾದ ಒಂದಾದರೂ ವಸ್ತು ಇರಲಿ. ಮಗುವನ್ನು ಊರಲ್ಲಿ ಬಿಟ್ಟು ಹೋದರೆ ಫೋನಿನಲ್ಲಿ ‘ಉಂಡೆಯಾ?’ ಎಂದು ಕೇಳಿದ ಮೇಲೆ ಒಂದು ಚಿಕ್ಕ ಕಥೆಯನ್ನೂ ಓದಿ ಹೇಳಿರಿ.

ಓದುವ ಕ್ರಮ

ದಿನವೂ ಒಂದೇ ಹೊತ್ತು ಗೊತ್ತುಪಡಿಸಿಕೊಳ್ಳಿರಿ. ಮಲಗುವ ಮುಂಚಿನ ಹೊತ್ತು ಉತ್ತಮ. ನಿಧಾನವಾಗಿ ಓದಿರಿ. ಹುಲಿಗೆ ಹುಲಿಯ ದನಿ, ಇಲಿಗೆ ಇಲಿಯ ದನಿ ಕೊಡಿರಿ. ಪುಸ್ತಕದ ಕನ್ನಡವನ್ನು ಇದ್ದಂತೆಯೇ ಓದಿ, ತಿಳಿಯದ ಪದವನ್ನು ಮನೆಯ ಮಾತಿನಲ್ಲಿ ವಿವರಿಸಿರಿ. ಮಗು ನಡುವೆ ಪ್ರಶ್ನೆ ಕೇಳಿದರೆ ಗದರಿಸಬೇಡಿ. ಪುಸ್ತಕದ ಉದ್ದೇಶವೇ ಅದು. ಓದಿ ಮುಗಿದೊಡನೆ ‘ಏನು ಕಲಿತೆ? ಹೇಳು’ ಎಂದು ಪರೀಕ್ಷೆ ಮಾಡಬೇಡಿ. ಉಂಡ ಕೂಡಲೇ ತೂಕ ನೋಡುವವರುಂಟೇ? ಮಗು ಎದ್ದು ಹೋದರೆ ಹೋಗಲಿ, ಒತ್ತಾಯ ಮಾಡಬೇಡಿ. ತಾವು ಓದುತ್ತಲೇ ಇದ್ದರೆ ಅದೇ ಮರಳಿ ಬರುತ್ತದೆ. ಓದನ್ನು ಎಂದಿಗೂ ಶಿಕ್ಷೆಯಾಗಿ ಬಳಸಬೇಡಿ.

ಪುಸ್ತಕ ಹರಿದರೆ ಹೊಡೆಯಬೇಡಿ. ಬಳಸದೆ ಪೆಟ್ಟಿಗೆಯಲ್ಲಿ ಹೊಸದಾಗಿ ಉಳಿದ ಪುಸ್ತಕಕ್ಕಿಂತ ಓದಿ ಓದಿ ಹರಿದ ಪುಸ್ತಕವೇ ಮೇಲು.

ಕಣ್ಣು ಕಿವಿಗಳ ಮೇಲೆ ಗಮನವಿರಲಿ

ಮಗುವನ್ನು ಹತ್ತಿರ ಕೂರಿಸಿಕೊಂಡು ಓದುವುದರಿಂದ ಇನ್ನೊಂದು ಪ್ರಯೋಜನವಿದೆ: ಮಗುವಿನ ನ್ಯೂನತೆಗಳು ಬೇಗ ಗೋಚರಿಸುತ್ತವೆ. ತಾವು ಹಿಂದಿನಿಂದ ಕರೆದಾಗ ಕೂಸು ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ಒಂದು ಮಾತನ್ನೂ ಆಡದಿದ್ದರೆ, ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರೆ, ಕಣ್ಣು ಓರೆಯಾಗಿದ್ದರೆ, ‘ಮುಂದೆ ಸರಿಹೋದೀತು’ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯನ್ನು ಉಚಿತವಾಗಿ ಮಾಡುತ್ತಾರೆ. ಕಿವಿಯ ದೋಷವನ್ನು ಎಷ್ಟು ಬೇಗ ಗುರುತಿಸಿದರೆ ಮಾತು ಬರುವ ಸಂಭವ ಅಷ್ಟು ಹೆಚ್ಚು.

ನೆನಪಿಡಿರಿ

ಮಗು ಹುಟ್ಟಿದಂದಿನಿಂದಲೇ ಮಾತನಾಡಿಸಿರಿ, ಹಾಡಿರಿ, ಓದಿ ಹೇಳಿರಿ.
ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ದಿನವೂ ಬೇಕು.
ಮಗು ‘ಇನ್ನೊಮ್ಮೆ’ ಎನ್ನುವ ಪುಸ್ತಕವೇ ಒಳ್ಳೆಯ ಪುಸ್ತಕ.
ಗಂಡು ಹೆಣ್ಣೆಂಬ ಭೇದವಿಲ್ಲದೆ ಓದಿ ಹೇಳಿರಿ. ತಂದೆ ತಾಯಿ ಇಬ್ಬರೂ ಓದಿರಿ.
ಓದು ಬಾರದಿದ್ದರೆ ಚಿತ್ರ ನೋಡಿ ಕಥೆ ಹೇಳಿರಿ.

‘ದೇಶ ಸುತ್ತು, ಕೋಶ ಓದು’ ಎಂಬುದು ಗಾದೆ. ದೇಶ ಸುತ್ತುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದರೆ ಹಗಲಿನ ಕೆಲಸ ಮುಗಿದ ಮೇಲೆ ಮನೆಯ ಕಟ್ಟೆಯ ಮೇಲೆ ಒಂದು ದೀಪ, ಒಂದು ಪುಸ್ತಕ, ಮಡಿಲಲ್ಲಿ ಒಂದು ಮಗು, ಇಷ್ಟು ಇಂದೇ ಆಗಬಲ್ಲದು. ನಾಳೆ ಪಂಚಾಯಿತಿಯ ಕಡೆಗೆ ಹೋಗುವ ಕೆಲಸವಿದ್ದರೆ ಗ್ರಂಥಾಲಯದ ಬಾಗಿಲನ್ನೂ ಒಮ್ಮೆ ಹೊಕ್ಕು ಬನ್ನಿರಿ.